ಇಬ್ಬರಿಗಷ್ಟೇ ಮನೆ

“ವಯಸ್ಸಾದವರು ಯಾರರ ಅದಾರೇನವಾ ನಿಮ್ಮ ಮನ್ಯಾಗ?” ಕೀಲಿಕೈ ಕೊಡಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು ಮನೆಯೊಡತಿ ನೀಲಮ್ಮ ಕೇಳಿದಳು. “ಹಿಂದ ಬಾಡಿಗಿ ಇದ್ದವರ ಮುದುಕ ಕೆಟ್ಟ ನಕ್ಷತ್ರದಾಗ ಸತ್ತ ನೋಡು, ಆರು ತಿಂಗಳ ಮನಿಗೆ ಕೀಲಿ ಹಾಕಿದ್ವಿ.”

“ಇಲ್ರಿ. ನಾನು, ನಮ್ಮವ್ವ, ಇಬ್ಬರ” ಎಂದಳು ಹುಲಿಗೆಮ್ಮ. ಅಜ್ಜಿಯನ್ನು ಓಣಿಯ ಬೇವಿನ ಗಿಡದ ಕೆಳಗೆ ಕೂರಿಸಿ ಬಂದಿದ್ದಳು. ಸರ್ಕಾರದ ಆಶ್ರಯ ಮನೆಗಳ ಪಟ್ಟಿಯಲ್ಲಿ ಈ ವರ್ಷವೂ ಅವರ ಹೆಸರಿರಲಿಲ್ಲ. ಇದ್ದ ಮನೆಯನ್ನು ಸಂಜೆಯೊಳಗೆ ಬಿಡಬೇಕಿತ್ತು. ಇಡೀ ಕೊಪ್ಪಳದಲ್ಲಿ ಅವರ ಕೈಗೆಟುಕುವ ಬಾಡಿಗೆ ಇದೊಂದೇ. ಕೀಲಿಕೈ ಅವಳ ಅಂಗೈಗೆ ಬಿತ್ತು.

ತಿರುಗಿದರೆ ಬಾಗಿಲಲ್ಲಿ ಅಜ್ಜಿ. ಎಷ್ಟು ಹೊತ್ತಿನಿಂದ ನಿಂತು ಕೇಳಿಸಿಕೊಂಡಿದ್ದಳೋ.

“ಯಾರಬೇ ನೀ? ಇವರ ಪೈಕಿ ಏನು?” ಎಂದಳು ನೀಲಮ್ಮ.

ಅಜ್ಜಿ ಮೊಮ್ಮಗಳ ಕಡೆ ನೋಡಲಿಲ್ಲ. “ಅಲ್ಲಬೇ, ಅಳವಂಡಿ ಬಸ್ಸಿಗೆ ಹೊಂಟೀನಿ. ಕುಡಿಯಾಕ ಒಂದೀಟು ನೀರು ಕೊಡ್ರವಾ.”

“ನೀನ ಕೊಡವಾ ಹುಲಿಗೆಮ್ಮ, ಇನ್ನ ಇದು ನಿಂದ ಮನಿ” ಎಂದು ನೀಲಮ್ಮ ನಕ್ಕಳು.

ನೀಲಮ್ಮ ಮೊದಲೇ ತುಂಬಿಸಿಟ್ಟಿದ್ದ ಕೊಡದಿಂದ ಹುಲಿಗೆಮ್ಮ ತುಂಬಿ ಕೊಟ್ಟ ಲೋಟವನ್ನು ಅಜ್ಜಿ ತುಟಿಗೆ ತಾಗಿಸದೆ, ಗುರುತಿಲ್ಲದವರ ಮನೆಯಲ್ಲಿ ಕುಡಿಯುವ ಹಾಗೆ, ಮೇಲೆತ್ತಿ ಕುಡಿದಳು. ಅರ್ಧ ನೀರು ಕುಪ್ಪಸದ ಮೇಲೆ ಚೆಲ್ಲಿತು. “ತಣ್ಣಗಿರವಾ, ಯಾರ ಮಗಳೋ ಏನೋ” ಎಂದು ಲೋಟ ಮರಳಿಸಿ ಮೆಟ್ಟಿಲಿಳಿದಳು. ಕರೆಯಲೆಂದು ಹುಲಿಗೆಮ್ಮ ಬಾಯಿ ತೆರೆದಳು. ಕೀಲಿಕೈ ಹಿಡಿದ ಮುಷ್ಟಿ ಮಾತ್ರ ಇನ್ನಷ್ಟು ಬಿಗಿಯಾಯಿತು.