ತಪ್ಪಾದ ಕ್ರಿಯಾಪದ

ಇಂಗ್ಲಿಷ್ ಬರವಣಿಗೆ ಸುಧಾರಿಸಲಿ ಎಂದು ಮಾಸ್ತರು ಹನ್ನೆರಡನೇ ತರಗತಿಯ ಎಲ್ಲರಿಂದಲೂ ಬ್ಲಾಗ್ ತೆರೆಸಿದರು.

“ಅದನ್ನ ಯಾರು ಓದ್ತಾರ್ರೀ ಸರ?” ಎಂದು ಹಿಂದಿನ ಬೆಂಚು ಗೊಣಗಿತು.

“ನಾ ಓದ್ತೀನಿ. ಬರಿಯುವಾಗ ಕನ್ನಡದಾಗ ವಿಚಾರ ಮಾಡಬ್ಯಾಡ್ರಿ, ಅಷ್ಟ.”

ತಿಂಗಳು ಕಳೆಯುವಷ್ಟರಲ್ಲಿ ಎಲ್ಲರೂ ಎಲ್ಲಿಂದಲೋ ಕದ್ದು ಅಂಟಿಸತೊಡಗಿದ್ದರು. ಸ್ವಂತವಾಗಿ ಬರೆಯುತ್ತಿದ್ದವಳು ಕಸ್ತೂರಿ ಒಬ್ಬಳೇ.

“ನಿನಗ ಬ್ಯಾಸರ ಆಗಂಗಿಲ್ಲೇನು?” ಎಂದು ಮಾಸ್ತರು ಕೇಳಿದರು.

“ಇಲ್ರೀ ಸರ. ನಮ್ಮ ಮನ್ಯಾಗ ಯಾರಿಗೂ ಇಂಗ್ಲಿಷ್ ಬರಂಗಿಲ್ಲ. ಅಲ್ಲಿ ಏನ್ ಬೇಕಾದ್ರೂ ಬರೀಬಹುದು.”

ಮಾಸ್ತರು ಹಿಗ್ಗಿದರು. ಅಂದಿನಿಂದ ಅವಳ ಒಂದು ತಪ್ಪನ್ನೂ ಬಿಡದೆ ಅಡಿಯಲ್ಲೇ ತಿದ್ದಿ ಬರೆಯತೊಡಗಿದರು. ಕ್ರಿಯಾಪದದ ಕಾಲ, ಕಾಗುಣಿತ, ಅಲ್ಪವಿರಾಮ, ಯಾವುದೂ ಅವರ ಕಣ್ಣು ತಪ್ಪುತ್ತಿರಲಿಲ್ಲ.

ಒಂದು ದಿನ ಅವಳು ಬರೆದದ್ದು ಒಂದೇ ಸಾಲು: ‘ದೇ ಆರ್ ಗಿವಿಂಗ್ ಮಿ ಟು ಮೈ ಅಂಕಲ್.’

ಮಾವನ ಊರಿಗೆ ಓದಲು ಕಳಿಸುತ್ತಿರಬೇಕು ಎಂದುಕೊಂಡ ಮಾಸ್ತರು ಕೂಡಲೇ ಉತ್ತರಿಸಿದರು: ‘ಗಿವಿಂಗ್ ತಪ್ಪು, ಸೆಂಡಿಂಗ್ ಸರಿ. ಕೊಡುವುದು ವಸ್ತುಗಳನ್ನು, ಮನುಷ್ಯರನ್ನಲ್ಲ. ತಿದ್ದಿ ಬರೆ.’

ಅವಳು ತಿದ್ದಲಿಲ್ಲ. ಮುಂದಿನ ವಾರ ತರಗತಿಗೂ ಬರಲಿಲ್ಲ.

“ಕಸ್ತೂರಿ ಎಲ್ಲಿ? ಒಂದು ಸಾಲು ತಿದ್ದಂದ್ರ ಇಷ್ಟು ಸಿಟ್ಟೇನು ಆಕಿಗೆ?”

ಅವಳ ಪಕ್ಕ ಕೂರುತ್ತಿದ್ದ ಹುಡುಗಿ ತಲೆ ಎತ್ತದೆಯೇ ಹೇಳಿದಳು:

“ಆಕಿನ್ನ ಸೋದರಮಾವಗ ಕೊಟ್ಟಬಿಟ್ರರೀ ಸರ.”