ಓರೆ ಅಕ್ಷರದ ತೆಳುಗೆರೆ

ತನ್ನ ಕೈಕೆಳಗಿನ ಹುಡುಗಿ ಐವಿ ಬರೆದ ‘ಎಫ್’ ಅಕ್ಷರದ ಹಾಳೆಯನ್ನು ತಪಾಸಣೆಗೆಂದು ಎನಿಡ್ ಗ್ರಿಂಡಲ್ ಬೆಳಕಿನ ಗಾಜಿನ ಮೇಲೆ ಹರಡಿದಳು. ಅಚ್ಚಿನಲ್ಲಿ ಇರುವೆಯಷ್ಟಾಗುವ ಓರೆ ಅಕ್ಷರ, ಅಚ್ಚುಮೊಳೆ ಕಾರ್ಖಾನೆಯ ಮಾದರಿ ಬರೆಯುವ ಈ ಕೋಣೆಯಲ್ಲಿ ಗೇಣುದ್ದ. ಕೂದಲೆಳೆಯಂಥ ಅದರ ಗೆರೆ ನಡುವೆ ಎರಡಾಗಿ ಸೀಳಿತ್ತು.

“ಮತ್ತೆ ಸೀಳಿದೆಯಲ್ಲೇ, ಐವಿ.”

“ಒಂದೇ ಗೆರೆ, ಮಿಸ್ ಗ್ರಿಂಡಲ್. ಭೂತಗನ್ನಡಿ ಇಟ್ಟು ನೋಡ್ಕೊಂಡೇ ತಂದೆ. ಎರಡು ಹಾಳೆ ಆಗ್ಲೇ ವಾಪಸ್ ಮಾಡಿದೀರಿ. ಮೂರನೇದೂ ಹೋದ್ರೆ ಪ್ರಾಟ್ ಸಾಹೇಬ್ರು ಮನೆಗೆ ಕಳಿಸ್ತಾರೆ. ಮನೇಲಿ ದುಡಿಯೋಳು ನಾನೊಬ್ಳೇ.”

“ಭೂತಗನ್ನಡಿ ನಿನ್ನ ಮುಖ ನೋಡಿ ಹೆದರಿ ಸುಳ್ಳು ಹೇಳಿರ್ಬೇಕು,” ಎಂದಳು ಎನಿಡ್. ಉಳಿದ ಹುಡುಗಿಯರು ಕಿಸಕ್ಕೆಂದರು.

ಐವಿ ತನ್ನ ಮೇಜಿಗೆ ಹೋದ ಮೇಲೆ ಎನಿಡ್ ಬಲಗಣ್ಣು ಮುಚ್ಚಿ ನೋಡಿದಳು. ಒಂದೇ ಗೆರೆ, ಎಲ್ಲೂ ನಡುಗದ ಗೆರೆ. ಎಡಗಣ್ಣು ಮುಚ್ಚಿದಳು. ಎರಡು. ಹತ್ತು ವರ್ಷದ ಹಿಂದೆ ತಾನೇ ಬರೆದ, ಎಲ್ಲರೂ ಹೊಗಳಿದ ಹಾಳೆಯನ್ನು ತೆಗೆದು ನೋಡಿದಳು. ಅಲ್ಲೂ ಎರಡು. ಇಪ್ಪತ್ತಾರು ವರ್ಷ ಅನ್ನ ಹಾಕಿದ ಕಣ್ಣು. ಅದು ಕೆಟ್ಟಿತೆಂದು ತಿಳಿದರೆ ಪ್ರಾಟ್ ಒಂದು ದಿನವೂ ಇಟ್ಟುಕೊಳ್ಳುವವನಲ್ಲ.

ಕಿಟಕಿಯ ಬಳಿ ಐವಿ ಪೆನ್ಸಿಲ್ ಚೂಪು ಮಾಡುತ್ತಿದ್ದಳು. ತಪ್ಪು ಹುಡುಗಿಯದೇ ಆಗಿರಲಿ ಎಂದುಕೊಂಡ ಎನಿಡ್, ಎರಡು ಕಣ್ಣೂ ತೆರೆದು, ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ‘ವಾಪಸ್’ ಎಂದು ಬರೆದಳು.