ತೊಂಬತ್ತು ವರ್ಷದ ಕಪ್ಪು

ಗಿರಾಕಿ ನಾಲ್ಕು ಗಂಟೆಗೆ ಬರುವವನಿದ್ದ. ಮೂರಕ್ಕೆ ಮನೆಯ ಯಜಮಾನ ಪೆಟ್ಟಿಗೆ ತೆರೆದರೆ, ಮಾರಲೆಂದು ಇಟ್ಟಿದ್ದ ಜರ್ಮನಿಯ ಹಳೆಯ ಸ್ಮಾರಕ ಬಿಲ್ಲೆ ಹಬ್ಬಕ್ಕೆ ತೊಳೆದಿಟ್ಟ ಹಿತ್ತಾಳೆ ದೀಪದ ಹಾಗೆ ಥಳಥಳಿಸುತ್ತಿತ್ತು.

“ಯಾರು ಮುಟ್ಟಿದ್ದು ಇದನ್ನ?”

“ನಾನೇ ರೀ,” ಎಂದಳು ಹೆಂಡತಿ. “ಕೊಳ್ಳೋರು ಬರ್ತಾರಲ್ಲ, ಚೆನ್ನಾಗಿ ಕಾಣ್ಲಿ ಅಂತ ಉಜ್ಜಿದೆ.”

ಅವನು ಬಿಲ್ಲೆಯನ್ನು ತಿರುಗಿಸಿ ನೋಡಿದ; ಒಂದು ಚೂರೂ ಕಪ್ಪು ಉಳಿದಿರಲಿಲ್ಲ. “ಹೊಳೆಯೋ ಹಿತ್ತಾಳೆ ಬಿಲ್ಲೆ ಬೇಕಾದಷ್ಟು ಸಿಗುತ್ತೆ ಕಣೆ. ಕಪ್ಪು ಲೇಪ ಕೊಟ್ಟಿದ್ದು ಕೆಲವಕ್ಕೆ ಮಾತ್ರ. ಗಿರಾಕಿ ದುಡ್ಡು ಕೊಡ್ತಿದ್ದಿದ್ದೇ ಆ ಕಪ್ಪಿಗೆ. ನಾಳೆ ಮಗಳ ಆಪರೇಷನ್‌ಗೆ ಏನು ಕಟ್ಟಲಿ? ತೊಂಬತ್ತು ವರ್ಷದ ಕಪ್ಪನ್ನ ಹುಣಸೆಹಣ್ಣು ಹಾಕಿ ತೊಳೆದುಬಿಟ್ಯಲ್ಲ.”

“ಹುಣಸೆಹಣ್ಣು ಬೇಕಾಗ್ಲೇ ಇಲ್ಲ ರೀ. ಸೆರಗಲ್ಲಿ ಒರೆಸಿದ್ದಕ್ಕೇ ಬಂದುಬಿಡ್ತು.” ಅಳುತ್ತಲೇ ಅವಳು ಸೆರಗಿನ ಕಪ್ಪು ಕಲೆಯನ್ನು ಅವನ ಮುಂದೆ ಹಿಡಿದಳು.

ಅವನು ಮೂಸಿ ನೋಡಿದ. ಮಗಳು ಶಾಲೆಗೆ ಹೊರಡುವ ಹೊತ್ತಿಗೆ ಮನೆಯಲ್ಲಿ ಬರುತ್ತಿದ್ದ ವಾಸನೆ. ಹೋದ ವರ್ಷ ಇದನ್ನು ತನಗೆ ಮಾರಿದವನ ಉಗುರಿನ ಸಂದಿಯಲ್ಲೂ ಇದೇ ಕಪ್ಪು ಇದ್ದದ್ದು ನೆನಪಾಯಿತು.

ಗಡಿಯಾರ ನೋಡಿದ. ಮೂರೂವರೆ.

“ಅಳಬೇಡ,” ಎಂದ. “ಮಗಳ ಸ್ಕೂಲ್ ಶೂ ಪಾಲಿಶ್ ಡಬ್ಬಿ ಎಲ್ಲಿಟ್ಟಿದ್ದೀಯ?”